ಪುಟ್ಟ, ಪಾಲಿಸಿಗಳಲ್ಲಿ ಇನ್ನೂ ಹಳೇ ಹೆಸರುಗಳೇ ಇವೆ

ಡಲ್ಲಾಸ್
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟ,

ನೀನು ವಾಟ್ಸಾಪಿನಲ್ಲಿ ಕಳಿಸಿದ ಫೋಟೋಗಳೆಲ್ಲ ಬಂದವು. ಅಪ್ಪನ ವಿಮೆ ಬಾಂಡು, ನಿನ್ನ ಬಾಂಡುಗಳು, ಪಾಸ್‌ಬುಕ್ಕಿನ ಪುಟ, ಎಲ್ಲ. ಫೋನಿನಲ್ಲೇ ಹೇಳೋಣ ಅಂದರೆ ನಿನಗೆ ಶಿಫ್ಟು, ಅಮ್ಮ ಪಕ್ಕದಲ್ಲೇ ಕೂತಿರುತ್ತಾರೆ, ಮಾತು ಅರ್ಧಕ್ಕೇ ಬೇರೆ ಕಡೆ ಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಆದರೂ ಪೂರ್ತಿ ಓದು. ಆಮೇಲೆ ಅಮ್ಮನಿಗೂ ಓದಿ ಹೇಳು. ಮಧ್ಯೆ ಒಂದು ಭಾಗ ಅಮ್ಮನಿಗೇ ಬರೆದಿದ್ದೇನೆ.

ಮೊದಲು ಮುಖ್ಯ ವಿಷಯ. ನಿನಗೆ ಏನೂ ಆಗಬಾರದು, ಆಗುವುದೂ ಬೇಡ. ಒಂದು ವೇಳೆ ಆದರೆ, ಈಗಿರುವ ಕಾಗದಗಳ ಪ್ರಕಾರ ನಿನ್ನ ಮಗಳು ಪಾಪುವಿಗೆ ನೇರವಾಗಿ ಒಂದು ರೂಪಾಯಿಯೂ ಸಿಗುವುದಿಲ್ಲ. ಮದುವೆಗೆ ಮುಂಚೆ ಮಾಡಿಸಿದ ಎಲ್‌ಐಸಿ ಪಾಲಿಸಿಯಲ್ಲಿ ನಾಮಿನಿ ಅಂತ, ಅಂದರೆ ನಿನ್ನ ನಂತರ ದುಡ್ಡು ಯಾರ ಕೈಗೆ ಅನ್ನುವ ಕಡೆ, ಅಪ್ಪನ ಹೆಸರಿದೆ. ಅಪ್ಪ ಇಲ್ಲ. ಆಮೇಲಿನ ಎಲ್‌ಐಸಿಯಲ್ಲೂ ಮನೆ ಸಾಲದ ಹೊತ್ತಿಗೆ ತೆಗೆದ ಟರ್ಮ್ ಪಾಲಿಸಿಯಲ್ಲೂ ಪಾಪುವಿನ ಅಮ್ಮನ ಹೆಸರಿದೆ, ಸಂಬಂಧ ಅನ್ನುವ ಜಾಗದಲ್ಲಿ ಹೆಂಡತಿ ಅಂತ. ಡಿವೋರ್ಸ್ ಆಗಿ ವರ್ಷದ ಮೇಲಾಯಿತು. ಮಗಳ ಹೆಸರು ಎಲ್ಲೂ ಇಲ್ಲ. ಇದನ್ನು ಈ ವಾರವೇ ಸರಿ ಮಾಡಬೇಕು. ಅಪ್ಪನ ವರ್ಷದ ಕಾರ್ಯ ಮುಗಿಯಲಿ ಅಂತ ಕಾಯಬೇಡ.

ನೀನು ಕೇಳಿದೆ, ಕೋರ್ಟಿನಲ್ಲಿ ಡಿಕ್ರಿ ಆಗಿದೆಯಲ್ಲ ಅಕ್ಕ, ಒಬ್ಬರ ಆಸ್ತಿಯ ಮೇಲೆ ಇನ್ನೊಬ್ಬರಿಗೆ ಹಕ್ಕಿಲ್ಲ ಅಂತ ಇಬ್ಬರೂ ಸಹಿ ಹಾಕಿದ್ದೇವಲ್ಲ, ಅಷ್ಟು ಸಾಲದಾ ಅಂತ. ಸಾಲದು. ಆ ಡಿಕ್ರಿಯನ್ನು ವಿಮಾ ಕಂಪನಿಗೆ ಯಾರೂ ಕಳಿಸಿಲ್ಲ, ಕೋರ್ಟೂ ಕಳಿಸುವುದಿಲ್ಲ. ನಮ್ಮ ದೇಶದಲ್ಲಿ ಡಿವೋರ್ಸ್ ಆದ ಕೂಡಲೇ ನಾಮಿನಿ ಹೆಸರು ತಾನಾಗೇ ಅಳಿಸಿಹೋಗುವ ಕಾನೂನು ಇಲ್ಲ. ವಿಮಾ ಕಾಯ್ದೆ 1938ರದ್ದು, ಅದರ 39ನೇ ಸೆಕ್ಷನ್ ನಾಮಿನೇಷನ್ನಿನದ್ದು. ಪಾಲಿಸಿ ಮುಗಿಯುವ ಮುಂಚೆ ಯಾವಾಗ ಬೇಕಾದರೂ ಹೆಸರು ಬದಲಾಯಿಸಬಹುದು. ಆದರೆ ಪಾಲಿಸಿ ಮಾಡಿಸಿದವನೇ ಬರೆದು ಕೊಡಬೇಕು, ಅದು ಕಂಪನಿಯ ದಾಖಲೆಗೆ ಏರಬೇಕು. ಅಲ್ಲಿಯವರೆಗೆ ಹಳೇ ಹೆಸರಿಗೆ ದುಡ್ಡು ಕೊಟ್ಟರೆ ಕಂಪನಿಯನ್ನು ಯಾರೂ ಕೇಳುವ ಹಾಗಿಲ್ಲ. ನಿನ್ನ ಮನಸ್ಸಿನಲ್ಲಿ ಏನಿತ್ತು ಅಂತ ಅವರು ನೋಡುವುದಿಲ್ಲ, ಪಾಲಿಸಿಯಲ್ಲಿ ಏನಿದೆ ಅಂತ ನೋಡುತ್ತಾರೆ.

ನಾನು ಇಷ್ಟು ಹಿಂದೆ ಬೀಳುವುದಕ್ಕೆ ಕಾರಣ ಇದೆ. ನನ್ನ ಕೆಲಸ ಗೊತ್ತಲ್ವಾ, ಆಫೀಸಿನವರ ಸಂಬಳ, ಇನ್ಶೂರೆನ್ಸು ಎಲ್ಲ ನೋಡಿಕೊಳ್ಳುವ ವಿಭಾಗ. ಇಲ್ಲಿ ಕೆಲಸಕ್ಕೆ ಸೇರಿದ ದಿನವೇ ಕಂಪನಿ ಕಡೆಯಿಂದ ಒಂದು ಜೀವವಿಮೆ ಸಿಗುತ್ತದೆ. ಫಾರಂನಲ್ಲಿ ಎರಡು ಸಾಲು. ಮೊದಲನೆಯದು ಪ್ರೈಮರಿ, ಅಂದರೆ ದುಡ್ಡು ಮೊದಲು ಯಾರಿಗೆ. ಎರಡನೆಯದು ಕಾಂಟಿಂಜೆಂಟ್, ಆ ಮೊದಲನೆಯವರು ಬದುಕಿಲ್ಲದಿದ್ದರೆ ಯಾರಿಗೆ. ಸೇರುವ ದಿನದ ಗಡಿಬಿಡಿಯಲ್ಲಿ ಜನ ಹೆಂಡತಿಯದ್ದೋ ಗಂಡನದ್ದೋ ಒಂದು, ಅಪ್ಪ ಅಮ್ಮನದ್ದು ಒಂದು ಅಂತ ಎರಡು ಹೆಸರು ಬರೆದು ಮರೆತುಬಿಡುತ್ತಾರೆ. ಪ್ರತಿ ವರ್ಷ ಬದಲಾಯಿಸಿಕೊಳ್ಳಿ ಅಂತ ನಾವು ಇಮೇಲ್ ಕಳಿಸುತ್ತೇವೆ. ತೆರೆದು ಓದುವವರು ಕಡಿಮೆ.

ನಮ್ಮಲ್ಲೇ ಕೆಲಸ ಮಾಡುತ್ತಿದ್ದ ಒಬ್ಬರು ಹೋದ ಚಳಿಗಾಲದಲ್ಲಿ ತೀರಿಕೊಂಡರು. ಹಾರ್ಟ್ ಅಟ್ಯಾಕ್. ಅವರಿಗೆ ಡಿವೋರ್ಸ್ ಆಗಿ ಬಹಳ ವರ್ಷವಾಗಿತ್ತು. ಮಗಳು ನನ್ನ ಟೇಬಲ್ ಮುಂದೆ ಬಂದು ಕೂತಳು, ಇಪ್ಪತ್ತರ ಆಸುಪಾಸಿನ ಹುಡುಗಿ. ಕೈಯಲ್ಲಿ ಅಪ್ಪನ ಡಿವೋರ್ಸ್ ಡಿಕ್ರಿಯ ಪ್ರತಿ ಇತ್ತು, ಒಂದು ಸಾಲಿನ ಮೇಲೆ ಹಳದಿ ಪೆನ್ನಿನಲ್ಲಿ ಗೆರೆ ಎಳೆದಿದ್ದಳು. ಆ ಸಾಲಿನಲ್ಲಿ, ಆ ಹೆಂಡತಿ ಅವಳಪ್ಪನ ವಿಮೆಯ ಮೇಲಿನ ಹಕ್ಕು ಬಿಟ್ಟುಕೊಟ್ಟಿದ್ದಾಳೆ ಅಂತ ಇತ್ತು. ನಾನು ಫೈಲ್ ತೆರೆದೆ. ಮೊದಲ ಹೆಸರು ಆ ಹಳೇ ಹೆಂಡತಿಯದ್ದು. ಎರಡನೆಯದು ಅವರಪ್ಪನದ್ದು, ಅವರೂ ಮುಂಚೆಯೇ ಹೋಗಿದ್ದರು. ಮಗಳ ಹೆಸರು ಇಲ್ಲ. ಆ ಹುಡುಗಿ ಆ ಹಳದಿ ಗೆರೆಯ ಮೇಲೆ ಬೆರಳಿಟ್ಟುಕೊಂಡೇ ಇದ್ದಳು, ಇದನ್ನು ಓದಿ, ಇದನ್ನು ಓದಿ ಅಂತ. ಓದಿದೆ. ಆದರೆ ದುಡ್ಡು ಹೋಗಿದ್ದು ಫಾರಂನಲ್ಲಿ ಇದ್ದ ಹೆಸರಿಗೆ.

ಇಲ್ಲಿಯ ಕಾನೂನು ಇನ್ನೂ ತೊಡಕಿನದ್ದು. ನಾನಿರುವ ಟೆಕ್ಸಾಸ್ ರಾಜ್ಯದಲ್ಲಿ ಡಿವೋರ್ಸ್ ಆದರೆ ಹಳೇ ಗಂಡ ಹೆಂಡತಿಯ ಹೆಸರು ಜೀವವಿಮೆಯಲ್ಲಿ ಸಾಮಾನ್ಯವಾಗಿ ರದ್ದಾಗುತ್ತದೆ. ಆದರೆ ಅದು ನಾವೇ ಸ್ವಂತ ತೆಗೆದ ಪಾಲಿಸಿಗೆ. ಖಾಸಗಿ ಕಂಪನಿ ತನ್ನ ನೌಕರರಿಗೆ ಕೊಡುವ ವಿಮೆ 1974ರ ಒಂದು ಕೇಂದ್ರ ಕಾಯ್ದೆಯ ಕೆಳಗೆ ಬರುತ್ತದೆ, ಎರಿಸಾ ಅಂತಾರೆ. ಅದರ ಮುಂದೆ ರಾಜ್ಯದ ಕಾನೂನು ನಡೆಯುವುದಿಲ್ಲ. ಎಗೆಲ್‌ಹಾಫ್ ಅನ್ನುವ ಕೇಸಿದೆ, 2001ರಲ್ಲಿ ಇಲ್ಲಿಯ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದ್ದು. ವಾಷಿಂಗ್ಟನ್ ರಾಜ್ಯದ ಒಬ್ಬ ಮನುಷ್ಯ, 1994ರ ಏಪ್ರಿಲ್‌ನಲ್ಲಿ ಡಿವೋರ್ಸ್ ಆಯಿತು, ಎರಡು ತಿಂಗಳು ಕಳೆದು ಅಪಘಾತದಲ್ಲಿ ಹೋದ. ಕಂಪನಿಯ ವಿಮೆಯಲ್ಲಿ ಹಳೇ ಹೆಂಡತಿಯ ಹೆಸರೇ ಉಳಿದಿತ್ತು. ಮೊದಲ ಮದುವೆಯ ಮಕ್ಕಳು ಅಷ್ಟು ವರ್ಷ ಹೋರಾಡಿದರು, ಸುಪ್ರೀಂ ಕೋರ್ಟಿನಲ್ಲಿ ಸೋತರು. 2009ರಲ್ಲಿ ಕೆನಡಿ ಅನ್ನುವ ಇನ್ನೊಂದು ಕೇಸು. ಅದು ವಿಮೆಯದ್ದಲ್ಲ, ಕಂಪನಿಯ ಉಳಿತಾಯದ ದುಡ್ಡು. ಡಿಕ್ರಿಯಲ್ಲಿ ಹೆಂಡತಿ ಹಕ್ಕು ಬಿಟ್ಟುಕೊಟ್ಟಿದ್ದಳು, ನಿನ್ನ ಡಿಕ್ರಿ ಹಾಗೇ. ಫಾರಂ ಬದಲಾಗಿರಲಿಲ್ಲ. ಅಪ್ಪ ತೀರಿಹೋದ ಮೇಲೆ ಮಗಳು ಕೇಸು ಹಾಕಿದಳು. ಅವಳೂ ಸೋತಳು. ಮಕ್ಕಳು ಗೆದ್ದದ್ದೂ ಇದೆ. 2018ರಲ್ಲಿ ಮಿನೆಸೋಟದ ಸ್ವೀನ್ ಕೇಸಿನಲ್ಲಿ ಮಕ್ಕಳಿಗೇ ದುಡ್ಡು ಬಂತು. ಏಕೆಂದರೆ ಅದು ಸ್ವಂತ ಪಾಲಿಸಿ, ಆ ರಾಜ್ಯದ ಕಾನೂನು ಅವರ ಕಡೆ ಇತ್ತು, ಮೇಲಾಗಿ ಎರಡನೇ ಸಾಲಿನಲ್ಲಿ ಮಕ್ಕಳ ಹೆಸರು ಬರೆದಿತ್ತು. ಅವರೂ ಸುಪ್ರೀಂ ಕೋರ್ಟಿನ ತನಕ ಹೋಗಬೇಕಾಯಿತು ಅನ್ನುವುದನ್ನು ಮರೆಯಬೇಡ.

ಇದೆಲ್ಲ ಅಮೆರಿಕದ ಕಥೆ, ನಮಗೇನು ಅನ್ನುತ್ತೀಯ. ನಮ್ಮ ಕಡೆಯದ್ದೂ ಹೇಳುತ್ತೇನೆ.

1983ರ ಕೊನೆಯಲ್ಲಿ ನಮ್ಮ ಸುಪ್ರೀಂ ಕೋರ್ಟು, ನಾಮಿನಿ ಅಂದರೆ ದುಡ್ಡು ಇಸಿದುಕೊಳ್ಳುವ ಕೈ ಮಾತ್ರ, ದುಡ್ಡು ವಾರಸುದಾರರದ್ದು ಅಂತ ಹೇಳಿತ್ತು. 2015ರಲ್ಲಿ ಕಾಯ್ದೆ ತಿದ್ದಿದರು. ಅಪ್ಪ ಅಮ್ಮ, ಗಂಡ ಹೆಂಡತಿ, ಮಕ್ಕಳನ್ನು ನಾಮಿನಿ ಮಾಡಿದ್ದರೆ ದುಡ್ಡು ಅವರದ್ದೇ ಅಂತ ಸೇರಿಸಿದರು. ಅಲ್ಲಿಂದ ಜಗಳ ಶುರುವಾಯಿತು. 2025ರಲ್ಲಿ ನಮ್ಮ ಹೈಕೋರ್ಟಿನ ಧಾರವಾಡ ಪೀಠದಿಂದ ಒಂದು ತೀರ್ಪು ಬಂತು. ಒಬ್ಬ ಹುಡುಗ ಮದುವೆಗೆ ಮುಂಚೆ ಪಾಲಿಸಿ ಮಾಡಿಸಿ ತಾಯಿಯ ಹೆಸರು ಹಾಕಿದ್ದ. ಮದುವೆಯಾಯಿತು, ಮಗು ಆಯಿತು, ಹೆಸರು ಬದಲಾಯಿಸಲಿಲ್ಲ, ತೀರಿಹೋದ. ತಾಯಿ ಒಂದು ಕಡೆ, ಸೊಸೆ ಮೊಮ್ಮಗು ಇನ್ನೊಂದು ಕಡೆ. ವಾರಸುದಾರರು ಬಂದು ಕೇಳಿದರೆ ನಾಮಿನಿಗೆ ಪೂರ್ತಿ ದುಡ್ಡು ಇಲ್ಲ, ಮೂವರಿಗೂ ಸಮಪಾಲು ಅಂತ ಕೋರ್ಟು ಹೇಳಿತು. ನ್ಯಾಯವಾಗೇ ಇದೆ ಅಂತ ನನಗೆ ಅನ್ನಿಸುತ್ತದೆ. ಆದರೆ ಮಗನನ್ನು ಕಳೆದುಕೊಂಡ ತಾಯಿ, ಗಂಡನನ್ನು ಕಳೆದುಕೊಂಡ ಹೆಂಡತಿ ಹೈಕೋರ್ಟಿನಲ್ಲಿ ಎದುರಾಬದುರು ನಿಲ್ಲಬೇಕಾಯಿತಲ್ಲ, ಅದು ನನ್ನ ತಲೆಯಿಂದ ಹೋಗುತ್ತಿಲ್ಲ.

ಈಗ ನಿನ್ನ ಪಾಲಿಸಿಗೆ ಬರೋಣ. ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಇವತ್ತಿಗೆ ನಿನ್ನ ವಾರಸುದಾರರು ಇಬ್ಬರೇ: ಅಮ್ಮ ಮತ್ತು ಪಾಪು, ಇಬ್ಬರಿಗೂ ಅರ್ಧ ಅರ್ಧ. ಡಿವೋರ್ಸ್ ಆದ ಹೆಂಡತಿ ವಾರಸುದಾರಳಲ್ಲ, ಅಕ್ಕನಾದ ನಾನೂ ಅಲ್ಲ. ಅಪ್ಪನ ಹೆಸರಿರುವ ಪಾಲಿಸಿಯಲ್ಲಿ ನಾಮಿನಿಯೇ ಇಲ್ಲದ ಹಾಗಾಗಿದೆ, ಹಾಗಾಗಿ ಆ ದುಡ್ಡಿಗೆ ವಾರಸುದಾರರು ಕಾಗದ ತರಬೇಕು. ಕಂಪನಿ ಪಟ್ಟು ಹಿಡಿದರೆ ಸಿವಿಲ್ ಕೋರ್ಟಿನಿಂದ ಸಕ್ಸೆಷನ್ ಸರ್ಟಿಫಿಕೇಟೇ ಬೇಕು, ಅಂದರೆ ವಾರಸುದಾರರು ಇವರೇ ಅನ್ನುವ ಪತ್ರ. ಅರ್ಜಿ, ಪೇಪರಿನಲ್ಲಿ ನೋಟಿಸು, ಕೋರ್ಟ್ ಫೀ, ವಕೀಲರು, ತಿಂಗಳುಗಟ್ಟಲೆ ಅಲೆದಾಟ. ಅಮ್ಮ ಆ ಮೆಟ್ಟಿಲು ಹತ್ತುವುದನ್ನು ಊಹಿಸಿಕೋ.

ಉಳಿದೆರಡು ಪಾಲಿಸಿ ಇದಕ್ಕಿಂತ ಕಷ್ಟದ್ದು. ಕಂಪನಿ ದಾಖಲೆ ನೋಡಿ ದುಡ್ಡನ್ನು ಪಾಪುವಿನ ಅಮ್ಮನ ಖಾತೆಗೆ ಹಾಕುತ್ತದೆ. ಹೆಂಡತಿ ಅಂತ ಬರೆದಿದ್ದರಿಂದ ಅದು ಅವಳದ್ದೇ ಅನ್ನುವವರೂ ಇರುತ್ತಾರೆ, ಈಗ ಹೆಂಡತಿಯಲ್ಲವಲ್ಲ ಅನ್ನುವವರೂ ಇರುತ್ತಾರೆ. ತೀರ್ಮಾನ ಕೋರ್ಟೇ ಹೇಳಬೇಕು. ಕೇಸು ಹಾಕುವವರು ಯಾರು? ಅಮ್ಮ ಮತ್ತು ಪಾಪು. ಪಾಪು ಚಿಕ್ಕವಳು, ನೀನಿಲ್ಲದಿದ್ದರೆ ಕಾನೂನಿನ ಪ್ರಕಾರ ಅವಳ ಗಾರ್ಡಿಯನ್ ಅವಳ ತಾಯಿಯೇ. ಅಂದರೆ ಆ ಮಗು ತಾನು ಯಾರ ಮಡಿಲಲ್ಲಿ ಮಲಗುತ್ತದೋ ಅವರ ಮೇಲೇ ಕೋರ್ಟಿನಲ್ಲಿ ಹಕ್ಕು ಕೇಳಬೇಕು. ಅಜ್ಜಿ ಒಂದು ಕಡೆ, ಅಮ್ಮ ಇನ್ನೊಂದು ಕಡೆ. ಇದನ್ನು ತಪ್ಪಿಸುವುದು ಒಂದು ಫಾರಂನಿಂದ ಆಗುವ ಕೆಲಸ. ಹಾಗಿರುವಾಗ ಯಾಕೆ ತಡ ಮಾಡುತ್ತೀಯ ಅಂತ ನನಗೆ ಸಂಕಟ.

ಯಾಕೆ ಅಂತ ನನಗೆ ಗೊತ್ತಿಲ್ಲದೆ ಏನಿಲ್ಲ. ಆವತ್ತು ನೀನು ಹೇಳಿದೆಯಲ್ಲ, ಅವಳ ಹೆಸರು ತೆಗೆದರೆ ಎಲ್ಲ ಮುಗಿದ ಹಾಗೆ ಅನ್ನಿಸುತ್ತದೆ ಅಕ್ಕ, ಅಪ್ಪನ ಹೆಸರು ತೆಗೆಯಲು ಕೈ ಬರುತ್ತಿಲ್ಲ ಅಂತ. ನಿನಗೆ ಹೇಳದೇ ಇದ್ದ ಒಂದು ಮಾತು ಹೇಳುತ್ತೇನೆ. ನನ್ನ ಆಫೀಸಿನ ವಿಮೆಯಲ್ಲಿ ಮೊದಲ ಹೆಸರು ಭಾವನದ್ದು, ಎರಡನೆಯದು ಅಪ್ಪನದ್ದು. ಅಪ್ಪನ ಹನ್ನೊಂದನೇ ದಿನ ಮುಗಿಸಿಕೊಂಡು ಇಲ್ಲಿಗೆ ಬಂದ ಮೇಲೆ ಒಂದು ಮಧ್ಯಾಹ್ನ ಕಂಪ್ಯೂಟರಿನಲ್ಲಿ ಅದನ್ನು ತೆರೆದೆ. ಅಪ್ಪನ ಪೂರ್ತಿ ಹೆಸರು, ಹುಟ್ಟಿದ ತಾರೀಖು, ಶಿರಾ ಗೇಟಿನ ನಮ್ಮ ಮನೆ ವಿಳಾಸ, ಸಂಬಂಧ: ತಂದೆ. ಪಕ್ಕದಲ್ಲಿ ತೆಗೆದುಹಾಕಿ ಅಂತ ಒಂದು ಸಣ್ಣ ಗುಂಡಿ. ಅದನ್ನು ಒತ್ತಿದರೆ, ಖಚಿತವೇ ಅಂತ ಮತ್ತೆ ಕೇಳುತ್ತದೆ. ಬಾಗಿಲು ಹಾಕಿಕೊಂಡು ಅತ್ತೆ. ಆಮೇಲೆ ಒತ್ತಿದೆ. ಮಕ್ಕಳಿಬ್ಬರ ಹೆಸರು ಬರೆದೆ, ಐವತ್ತು ಐವತ್ತು ಪರ್ಸೆಂಟ್. ಅಪ್ಪ ನನಗೆ ಕಡಿಮೆಯೇನೂ ಆಗಲಿಲ್ಲ, ಪುಟ್ಟ. ಅಪ್ಪ ಇದ್ದಿದ್ದರೆ ಅವರೇ ಪಕ್ಕದಲ್ಲಿ ಕೂತು ಮಾಡಿಸುತ್ತಿದ್ದರು. ಪ್ರತಿ ಪ್ರೀಮಿಯಂ ರಸೀದಿಯ ಹಿಂದೆ ತಾರೀಖು, ಮುಂದಿನ ಕಂತು ಯಾವಾಗ ಅಂತ ನೀಲಿ ಇಂಕಿನಲ್ಲಿ ಬರೆದು ದಾರದಲ್ಲಿ ಪೋಣಿಸಿ ಇಟ್ಟವರು ಅವರು. ನಿನ್ನ ಫೋಟೋದಲ್ಲಿ ಆ ಅಕ್ಷರ ನೋಡಿ ಎಷ್ಟೋ ಹೊತ್ತು ಫೋನ್ ಕೆಳಗಿಡಲಿಲ್ಲ.

ಅವಳ ಹೆಸರು ತೆಗೆಯುವುದು ಅವಳ ಮೇಲಿನ ಕೋಪಕ್ಕೆ ಅಂತ ಆಗುವುದು ಬೇಡ. ಅವಳು ಕೆಟ್ಟವಳಲ್ಲ, ನಿಮ್ಮಿಬ್ಬರಿಗೆ ಹೊಂದಲಿಲ್ಲ, ಅಷ್ಟೇ. ಪಾಪುವನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾಳೆ ಅಂತ ನೀನೇ ಹೇಳುತ್ತೀಯ. ಹೆಸರು ಬದಲಾಯಿಸಿದ ಮೇಲೆ ಅವಳಿಗೂ ಒಂದು ಮಾತು ತಿಳಿಸು, ಮಗಳ ಹೆಸರಿಗೆ ಮಾಡಿದ್ದೇನೆ ಅಂತ. ಬಾಂಡ್ ನಂಬರುಗಳನ್ನೂ ಕೊಡು. ಪಾಲಿಸಿ ಇದೆ ಅನ್ನುವುದೇ ಗೊತ್ತಿಲ್ಲದಿದ್ದರೆ ನಾಳೆ ಕೇಳುವವರು ಯಾರು?

ಅಮ್ಮ, ಇಲ್ಲಿಂದ ನಿಮಗೆ. ಸಾವಿನ ಮಾತು ಮನೆಯಲ್ಲಿ ಆಡಬಾರದು, ಬಾಯಲ್ಲಿ ಒಳ್ಳೇ ಮಾತು ಬರಲಿ ಅನ್ನುತ್ತೀರಿ. ಅಪ್ಪ ಹೋದ ಮನೆಯಲ್ಲಿ ಇದನ್ನು ಎತ್ತುವುದು ನನಗೂ ಇಷ್ಟವಿಲ್ಲ. ಆದರೆ ಅಪ್ಪ ಇಷ್ಟೆಲ್ಲ ಪಾಲಿಸಿ ಕಟ್ಟಿದ್ದೇ ಈ ಯೋಚನೆ ಮಾಡಿ ಅಲ್ವಾ. ಕೆಲಸಕ್ಕೆ ಸೇರಿದಾಗಿನಿಂದ ಸಂಬಳದಲ್ಲಿ ಕೆಜಿಐಡಿ, ಅಂದರೆ ರಾಜ್ಯ ಸರ್ಕಾರಿ ನೌಕರರ ವಿಮೆ, ಹಿಡಿಯುತ್ತಿದ್ದರು, ಮಹಾರಾಜರ ಕಾಲದ್ದಮ್ಮ ಇದು, 1891ರದ್ದು, ಸರ್ಕಾರಿ ಮೇಷ್ಟ್ರಿಗೆ ಇದೇ ಧೈರ್ಯ ಅಂತ ಎಷ್ಟು ಸಲ ಹೇಳಿಲ್ಲ. ಇನ್ನೊಂದು ಮಾತು. ಪುಟ್ಟನ ವಿಮೆ ನನ್ನ ಹೆಸರಿಗೆ ಬರಲಿ, ನಾನು ಮೊಮ್ಮಗಳಿಗೆ ಕೊಡುತ್ತೇನೆ ಅಂತ ನೀವು ಹೇಳಿದಿರಂತೆ. ಕೊಡುತ್ತೀರಿ, ನನಗೆ ಅನುಮಾನವಿಲ್ಲ. ಆದರೆ ನಿಮಗೆ ಎಪ್ಪತ್ತಾಯಿತು. ಮಗುವಿಗೆ ಹದಿನೆಂಟು ತುಂಬಲು ಇನ್ನೂ ಹತ್ತು ವರ್ಷ ಇದೆ. ದುಡ್ಡು ನಿಮ್ಮ ಖಾತೆಗೆ ಬಂದು, ಆಮೇಲೆ ನಿಮ್ಮ ನಂತರ ಅಂತ ಮತ್ತೆ ಕಾಗದ ಶುರುವಾದರೆ ಪಾಪುವಿನ ಪಾಲಿಗೆ ನಾನು, ನಾನೂ ಇಲ್ಲದಿದ್ದರೆ ನನ್ನ ಮಕ್ಕಳು, ಬಂದು ಸೇರುತ್ತೇವೆ. ಅದು ಬೇಡ. ನಿಮ್ಮ ಪಾಡಿಗೆ ಅಪ್ಪನ ಪೆನ್ಷನ್ ಇದೆ, ತೋಟ ಇದೆ, ನಾವಿಬ್ಬರು ಇದ್ದೇವೆ. ಒಂದು ಪಾಲಿಸಿಯಲ್ಲಿ ನಿಮ್ಮ ಹೆಸರು ಸ್ವಲ್ಪ ಪಾಲಿಗೆ ಇರಲಿ ಅಂದರೆ ಅದೂ ಆಗುತ್ತದೆ, ಇಬ್ಬರನ್ನು ನಾಮಿನಿ ಮಾಡಿ ಇಂತಿಷ್ಟು ಪರ್ಸೆಂಟ್ ಅಂತ ಬರೆಯಬಹುದು. ಪುಟ್ಟನ ಹತ್ತಿರ ಕೂತು ಮಾತಾಡಿ, ಅವನ ಮೇಲೆ ರೇಗಬೇಡಿ.

ಪುಟ್ಟ, ಈಗ ಕೆಲಸದ ಮಾತು.

ಎಲ್‌ಐಸಿ ಎರಡಕ್ಕೂ ನಿನ್ನ ಬ್ರಾಂಚಿಗೇ ಹೋಗು. ಏಜೆಂಟರ ಕೈಗೆ ಕೊಟ್ಟು ಬರಬೇಡ, ನೀನೇ ಹೋಗು. ನಾಮಿನಿ ಬದಲಾವಣೆ ಫಾರಂ ಅಂದರೆ ಕೊಡುತ್ತಾರೆ. ಬಾಂಡು, ನಿನ್ನ ಆಧಾರ್, ಪಾಪುವಿನ ಜನನ ಪ್ರಮಾಣ ಪತ್ರ ಇಟ್ಟುಕೋ. ಪಾಪು ಮೈನರ್ ಆದ್ದರಿಂದ ಅಪಾಯಿಂಟಿ ಅಂತ ಒಬ್ಬ ದೊಡ್ಡವರ ಹೆಸರು ಬೇಕು, ಅವರ ಸಹಿಯೂ ಬೇಕು. ಮಗುವಿಗೆ ಹದಿನೆಂಟು ಆಗುವ ಮುಂಚೆ ದುಡ್ಡು ಬಂದರೆ ಅವಳ ಪರವಾಗಿ ಇಸಿದುಕೊಳ್ಳುವುದು ಅವರೇ. ಇಲ್ಲಿ ಯೋಚನೆ ಮಾಡು. ಅಮ್ಮ ಬೇಡ, ವಯಸ್ಸಿನ ಕಾರಣಕ್ಕೆ. ನಾನು ದೂರ ಇದ್ದೇನೆ, ಪ್ರತಿಯೊಂದಕ್ಕೂ ಕಾಗದ ಓಡಾಡಬೇಕು. ಚಿಕ್ಕಪ್ಪನ ಮಗಳು ಬ್ಯಾಂಕಿನಲ್ಲಿ ಇದ್ದಾಳೆ, ನಿಷ್ಠುರ ಮಾತಿನವಳು, ಆದರೆ ದುಡ್ಡಿನ ವಿಷಯದಲ್ಲಿ ಅವಳಷ್ಟು ಕಟ್ಟುನಿಟ್ಟು ನಮ್ಮಲ್ಲಿ ಯಾರೂ ಇಲ್ಲ. ನನ್ನ ಓಟು ಅವಳಿಗೆ. ಮಗುವಿನ ತಾಯಿಯನ್ನೇ ಹಾಕುತ್ತೇನೆ ಅಂದರೂ ನಾನು ಬೇಡ ಅನ್ನುವುದಿಲ್ಲ. ಆಗ ಅವಳು ಇಸಿದುಕೊಳ್ಳುವುದು ಮಗಳ ಪರವಾಗಿ ಅಂತ ಕಾಗದದಲ್ಲೇ ಇರುತ್ತದೆ. ಈಗಿನ ಹಾಗೆ ಹೆಂಡತಿ ಅಂತ ಇರುವುದಕ್ಕೂ ಅದಕ್ಕೂ ಬಹಳ ವ್ಯತ್ಯಾಸ.

ಫಾರಂ ಕೊಟ್ಟು ಸುಮ್ನೆ ಬಂದುಬಿಡಬೇಡ. ನೋಂದಾಯಿಸಿದ್ದೇವೆ ಅಂತ ಬರವಣಿಗೆಯಲ್ಲಿ ಕೊಡಬೇಕು, ಅದು ನಿನ್ನ ಹಕ್ಕು. ಅದು ಕೈಗೆ ಬರುವವರೆಗೆ ಕೆಲಸ ಆಗಿಲ್ಲ ಅಂತಲೇ ತಿಳಿದುಕೋ.

ಟರ್ಮ್ ಪಾಲಿಸಿ ಆನ್‌ಲೈನ್‌ನಲ್ಲೇ ಬದಲಾಗುತ್ತದೆ. ಆದರೆ ಮನೆ ಸಾಲಕ್ಕೆ ಬ್ಯಾಂಕಿನವರು ಆ ಪಾಲಿಸಿಯನ್ನು ತಮ್ಮ ಹೆಸರಿಗೆ ಬರೆಸಿಕೊಂಡಿದ್ದಾರಾ ಅಂತ ನೋಡು. ಹಾಗಿದ್ದರೆ ಸಾಲದಷ್ಟು ಪಾಲು ಮೊದಲು ಬ್ಯಾಂಕಿಗೆ, ಉಳಿದದ್ದು ನಾಮಿನಿಗೆ.

ವಸಂತನರಸಾಪುರದ ಫ್ಯಾಕ್ಟರಿಯ ಪಿಎಫ್ ಮರೆಯಬೇಡ. ಅಲ್ಲಿ ನಿಯಮ ಬೇರೆ, ಮದುವೆಗೆ ಮುಂಚೆ ಕೊಟ್ಟ ನಾಮಿನೇಷನ್ ಮದುವೆಯಾದ ಮೇಲೆ ನಡೆಯುವುದಿಲ್ಲ. ಹೊಸದು ಕೊಟ್ಟಿದ್ದೀಯಾ ಇಲ್ಲವಾ ನಿನಗೇ ನೆನಪಿಲ್ಲ. ಪಿಎಫ್ ವೆಬ್‌ಸೈಟಿನಲ್ಲಿ ಯುಎಎನ್, ಅಂದರೆ ನಿನ್ನ ಪಿಎಫ್ ನಂಬರು, ಹಾಕಿ ಒಳಗೆ ಹೋದರೆ ಇ-ನಾಮಿನೇಷನ್ ಅಂತ ಇದೆ, ಪಾಪುವನ್ನು ಸೇರಿಸು. ಪಿಎಫ್ ಜೊತೆಗೇ ಇಡಿಎಲ್‌ಐ ಅನ್ನುವ ವಿಮೆ ಇರುತ್ತದೆ, ಕೆಲಸದಲ್ಲಿದ್ದಾಗ ಏನಾದರೂ ಆದರೆ 7 ಲಕ್ಷದವರೆಗೆ ಬರುತ್ತದೆ. ಅರ್ಧ ಜನಕ್ಕೆ ಇದು ಇದೆ ಅಂತಲೇ ಗೊತ್ತಿಲ್ಲ. ಗ್ರಾಚ್ಯುಯಿಟಿಯ ನಾಮಿನಿ ಫಾರಂ ಬೇರೆ, ಅದನ್ನು ಫ್ಯಾಕ್ಟರಿಯ ಎಚ್‌ಆರ್‌ನಲ್ಲಿ ಕೇಳು. ಪಾಸ್‌ಬುಕ್ಕಿನ ಫೋಟೋದಲ್ಲಿ ಮೇ ತಿಂಗಳಲ್ಲಿ ₹436 ಕಡಿತ ಆಗಿದೆಯಲ್ಲ, ಇದೇನು ಅಂತ ನೀನು ಕೇಳಿದ್ದೆ. ಅದು ಪ್ರಧಾನಮಂತ್ರಿ ಜೀವನಜ್ಯೋತಿ, 2 ಲಕ್ಷದ ಜೀವವಿಮೆ. ಖಾತೆ ತೆರೆದಾಗ ನಿನ್ನ ಸಹಿ ಇಸಿದುಕೊಂಡು ಸೇರಿಸಿರುತ್ತಾರೆ. ಅದರ ನಾಮಿನಿ ಯಾರು ಅಂತ ಬ್ಯಾಂಕಿನಲ್ಲೇ ಕೇಳಬೇಕು.

ಮುಂದೆ ಪಾಪುವಿಗೋಸ್ಕರ ಹೊಸ ಟರ್ಮ್ ಪಾಲಿಸಿ ತೆಗೆಯುವುದಾದರೆ ಎಂಡಬ್ಲ್ಯೂಪಿ ಕಾಯ್ದೆ ಕೆಳಗೆ ಮಾಡಿ ಅಂತ ಕೇಳು. ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆ, 1874ರದ್ದು. ಡಿವೋರ್ಸ್ ಆದ ಗಂಡಸೂ ಮಕ್ಕಳ ಹೆಸರಿನಲ್ಲಿ ಮಾಡಿಸಬಹುದು. ಪಾಲಿಸಿ ಕೊಳ್ಳುವಾಗಲೇ ಹೇಳಬೇಕು, ಹಳೆಯದನ್ನು ಆಮೇಲೆ ಹಾಗೆ ಮಾಡಲು ಬರುವುದಿಲ್ಲ. ಹಾಗೆ ಮಾಡಿಸಿದರೆ ಆ ದುಡ್ಡು ಟ್ರಸ್ಟಿನ ಹಾಗೆ ಮಗಳದ್ದೇ. ನಿನ್ನ ಸಾಲಗಾರರು ಮುಟ್ಟುವ ಹಾಗಿಲ್ಲ, ನಾಳೆ ನೀನು ಇನ್ನೊಂದು ಮದುವೆಯಾದರೂ ಅದು ಅಲುಗುವುದಿಲ್ಲ. ನಿನಗೂ ಬದಲಾಯಿಸಲು ಬರುವುದಿಲ್ಲ, ಅದೇ ಅದರ ಗುಣ. ಮತ್ತೆ ಒಂದು ವಿಲ್ ಬರೆದಿಡು, ಇಬ್ಬರು ಸಾಕ್ಷಿಗಳ ಸಹಿ ಸಾಕು, ರಿಜಿಸ್ಟರ್ ಮಾಡಿಸಿದರೆ ಇನ್ನೂ ಒಳ್ಳೆಯದು. ನಾಮಿನೇಷನ್ ಮತ್ತು ವಿಲ್ ಎರಡೂ ಒಂದೇ ಮಾತು ಹೇಳಿದರೆ ಯಾರೂ ತಕರಾರು ಎತ್ತುವುದು ಕಷ್ಟ.

ಇನ್ನು ಅಪ್ಪನ ಎಲ್‌ಐಸಿ ಪಾಲಿಸಿ, ಜೀವನ್ ಆನಂದ್. ಅದು ಮೆಚ್ಯೂರ್ ಆಗಿ ದುಡ್ಡು ಬಂತಲ್ಲ, ಮುಗಿಯಿತು, ಬಾಂಡು ಸುಮ್ನೆ ಇದೆ ಅಂತ ಅಮ್ಮ ಅಂದರು. ಮುಗಿದಿಲ್ಲ. ಆ ಪಾಲಿಸಿಯಲ್ಲಿ ಅವಧಿ ಮುಗಿದಾಗ ದುಡ್ಡು ಕೊಟ್ಟ ಮೇಲೂ ಜೀವ ಇರುವವರೆಗೆ ರಕ್ಷಣೆ ಮುಂದುವರಿಯುತ್ತದೆ, ತೀರಿಕೊಂಡ ಮೇಲೆ ಮೂಲ ವಿಮಾ ಮೊತ್ತ ಮತ್ತೆ ಬರುತ್ತದೆ. ಅದಕ್ಕೇ ಆ ಬಾಂಡನ್ನು ಬೀರುವಿನಲ್ಲಿ ಜೋಪಾನ ಮಾಡಿದ್ದರು. ನಾಮಿನಿ ದೊಡ್ಡಪ್ಪ ಅಂತಿದೆ. ಆಗ ನಾವಿಬ್ಬರೂ ಓದುತ್ತಿದ್ದೆವು, ಅಮ್ಮ ಬ್ಯಾಂಕಿನ ಬಾಗಿಲು ನೋಡಿರಲಿಲ್ಲ, ಅಣ್ಣ ನೋಡಿಕೊಳ್ಳುತ್ತಾನೆ ಅಂತ ಬರೆಸಿದ್ದಾರೆ. ಆ ಕಾಲಕ್ಕೆ ಸರಿಯಾಗೇ ಇತ್ತು. ದೊಡ್ಡಪ್ಪ ಅಪ್ಪನಿಗಿಂತ ಮುಂಚೆ ಹೋದರು, ಹಾಗಾಗಿ ಅವರ ಮಕ್ಕಳಿಗೆ ಅದರಲ್ಲಿ ಏನೂ ಬರುವುದಿಲ್ಲ. ಅಮ್ಮ, ನಾನು, ನೀನು, ಮೂವರು ವಾರಸುದಾರರು. ದೊಡ್ಡಮ್ಮನ ಮನೆಯಲ್ಲಿ ಈ ಮಾತು ನಿಧಾನವಾಗಿ, ಮರ್ಯಾದೆಯಿಂದ ಹೇಳು. ಅವರು ಎಂದೂ ಏನೂ ಕೇಳಿದವರಲ್ಲ.

ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಹಾಕು. ಅದರಲ್ಲಿ ನನ್ನ ಹೆಸರೂ ಇರಬೇಕು. ಹೊರಗೆ ಕೊಟ್ಟ ಹೆಣ್ಣುಮಗಳು, ಅಮೆರಿಕದಲ್ಲಿದ್ದಾಳೆ, ಬಿಟ್ಟುಬಿಡೋಣ ಅಂತ ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡ. ಹೆಸರು ಬಿಟ್ಟ ವಂಶವೃಕ್ಷ ಸುಳ್ಳು ದಾಖಲೆ ಆಗುತ್ತದೆ, ತೋಟದ ಖಾತೆ ಬದಲಾವಣೆಗೂ ಅದೇ ತೊಡಕಾಗುತ್ತದೆ. ನನ್ನ ಪಾಲು ನನಗೆ ಬೇಡ, ಅಮ್ಮನಿಗೆ ಹೋಗಲಿ. ಆದರೆ ಬೇಡ ಅಂತ ಹೇಳುವುದನ್ನೂ ನಾನು ಕಾಗದದಲ್ಲೇ ಹೇಳಬೇಕು. ಮರಣ ಪ್ರಮಾಣ ಪತ್ರದ ಪ್ರತಿಗಳು ಜಾಸ್ತಿ ಇರಲಿ, ಪ್ರತಿ ಕಡೆಯೂ ಒಂದು ಕೇಳುತ್ತಾರೆ. ಅಪ್ಪನ ಹೆಸರಿನಲ್ಲಿ ನಮಗೆ ಗೊತ್ತಿಲ್ಲದ್ದು ಬೇರೆ ಏನಾದರೂ ಇದೆಯಾ ಅಂತಲೂ ನೋಡು. ಕೇಳದೇ ಉಳಿದ ದುಡ್ಡನ್ನು ವಿಮಾ ಕಂಪನಿಗಳ ವೆಬ್‌ಸೈಟಿನಲ್ಲಿ ಹೆಸರು, ಹುಟ್ಟಿದ ತಾರೀಖು ಹಾಕಿ ಹುಡುಕಬಹುದು. ಹತ್ತು ವರ್ಷ ಯಾರೂ ಕೇಳದಿದ್ದರೆ ಅದು ಹಿರಿಯ ನಾಗರಿಕರ ಕಲ್ಯಾಣ ನಿಧಿಗೆ ಹೋಗುತ್ತದೆ.

ನಿನ್ನ ಹೆಸರಿಗೆ ಪವರ್ ಆಫ್ ಅಟಾರ್ನಿ ಬರೆಸಿದ್ದೇನೆ, ಅಪ್ಪನ ಈ ಪಾಲಿಸಿ ಮತ್ತು ಅದಕ್ಕೆ ಬೇಕಾದ ಕಾಗದಗಳಿಗೆ ಮಾತ್ರ. ಇಲ್ಲಿ ನೋಟರಿ ಮುಂದೆ ಸಹಿ ಹಾಕಿ, ರಾಜ್ಯ ಸರ್ಕಾರದಿಂದ ಅಪಾಸ್ಟಿಲ್ ಮುದ್ರೆ, ಅಂದರೆ ಇಲ್ಲಿಯ ಕಾಗದ ಬೇರೆ ದೇಶದಲ್ಲೂ ನಡೆಯಲು ಬೇಕಾದ ಮುದ್ರೆ, ಹಾಕಿಸಲು ಆಸ್ಟಿನ್‌ಗೆ ಕಳಿಸಿದ್ದೇನೆ. ಅದು ಬಂದ ಕೂಡಲೇ ಕೊರಿಯರ್ ಮಾಡುತ್ತೇನೆ. ನಿನ್ನ ಕೈಗೆ ಬಂದ ತಾರೀಖಿನಿಂದ ಮೂರು ತಿಂಗಳ ಒಳಗೆ ಅದಕ್ಕೆ ಕರ್ನಾಟಕದ ಸ್ಟ್ಯಾಂಪ್ ಶುಲ್ಕ ಕಟ್ಟಿಸಬೇಕು, ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ. ಕವರ್ ಒಡೆದ ದಿನವೇ ತಾರೀಖು ಬರೆದಿಡು, ಕೊರಿಯರ್ ರಸೀದಿ ಎಸೆಯಬೇಡ.

ಮೊದಲು ಎಲ್‌ಐಸಿ ಬ್ರಾಂಚು. ಸೋಮವಾರ ನಿನಗೆ ಸೆಕೆಂಡ್ ಶಿಫ್ಟ್ ಅಂದಿದ್ದೆ, ಬೆಳಿಗ್ಗೆ ಬ್ರಾಂಚ್ ತೆರೆಯುವ ಹೊತ್ತಿಗೇ ಹೋಗು. ಪಾಪುವಿನ ಜನನ ಪ್ರಮಾಣ ಪತ್ರ ಅವಳ ತಾಯಿಯ ಹತ್ತಿರವೇ ಇದೆ ಅಂದೆಯಲ್ಲ, ನೀನು ಕೇಳಲು ಸಂಕೋಚವಾದರೆ ನಾನೇ ಮೆಸೇಜ್ ಮಾಡಿ ಕೇಳುತ್ತೇನೆ, ನನ್ನ ಹತ್ತಿರ ಅವಳು ಈಗಲೂ ಚೆನ್ನಾಗೇ ಮಾತಾಡುತ್ತಾಳೆ. ಹೂಂ ಅಂತ ಒಂದು ಮೆಸೇಜ್ ಹಾಕು, ಸಾಕು.

ನಿನ್ನ
ಅಕ್ಕ